ಕಬ್ಬಿಣ ಸೋಕದ ಸೊಂಟ

ಸೂರ್ಯನಿಗೆ ಸೀನು ಬಂದರೆ ಅವನು ಮೊದಲು ಹಿರ್ವಾಸ್ಲಂಪಿಯ ರೌನಿ ಅಲಕೊರ್ವಾಳ ಎಡ ಸೊಂಟದ ಅಪ್ಪಣೆ ಕೇಳುತ್ತಾನೆ, ಆಮೇಲೆ ಸೀನುತ್ತಾನೆ. ಆ ಊರಿನ ಇನ್ನೂರ ಹನ್ನೊಂದು ಜನರಲ್ಲಿ ಇನ್ನೂರ ಹತ್ತು ಜನ ಹೀಗೆಂದು ನಂಬಿದ್ದರು. ನಂಬದೆ ಉಳಿದವಳು ರೌನಿ ಒಬ್ಬಳೇ. ಆದರೆ ಸೊಂಟದ ವಿಷಯದಲ್ಲಿ ಸೊಂಟದ ಒಡತಿಯ ಸಾಕ್ಷಿ ನಡೆಯುವುದಿಲ್ಲವೆಂದು ಊರು ತೀರ್ಮಾನಿಸಿತ್ತು.

ಕಥೆ ಹುಟ್ಟಿದ್ದು ಊರಿನ ಅಂಗಡಿಯಲ್ಲಿ. ಒಂದು ಬೆಳಗ್ಗೆ ರೌನಿ ಕೆಳಗಿನ ಹಲಗೆಯಿಂದ ಕಾಫಿಪುಡಿಯ ಪೊಟ್ಟಣ ಎತ್ತಿಕೊಳ್ಳಲು ಬಗ್ಗಿದಳು, ಎಡ ಸೊಂಟಕ್ಕೆ ಕೈ ಕೊಟ್ಟು "ಅಮ್ಮಾ" ಎಂದಳು. ಮರುದಿನ ಹಿಮಸಾರಂಗ ಕಾಯುವ ಔಕುಸ್ತಿಯ ಕೈಯಲ್ಲಿದ್ದ ದಾರಿ ತೋರಿಸುವ ಯಂತ್ರ ಅವನನ್ನು ಕೆರೆಯ ನಟ್ಟನಡುವೆ ನಿಲ್ಲಿಸಿ, ಇದೇ ನಿನ್ನ ಮನೆ ಎಂದಿತು. ನಡೆದದ್ದು ಇಷ್ಟೇ. ಎರಡನೆಯ ಬಾಯಿಗೆ ಬರುವ ಹೊತ್ತಿಗೆ ಮೂರು ಜಿಲ್ಲೆಯ ಟ್ರಾನ್ಸ್‌ಫಾರ್ಮರ್‌ಗಳು ಒಟ್ಟಿಗೆ ಗುಂಯ್‌ಗುಟ್ಟಿದ್ದವು. ಮೂರನೆಯ ಬಾಯಲ್ಲಿ ಉತ್ತರ ಸಮುದ್ರದ ಹಡಗುಗಳು ಹಿಂದಕ್ಕೆ ತಿರುಗಿದ್ದವು. ಕಥೆ ಪಕ್ಕದೂರಿಗೆ ಹೋಗಿ, ಅಲ್ಲಿ ಎರಡು ಚಳಿಗಾಲ ಕಳೆದು ಮರಳಿ ಬಂದಾಗ, ರೌನಿಯ ಸೊಂಟ ಫಿನ್‌ಲೆಂಡಿನ ದೀಪಗಳನ್ನು ಎರಡು ಸಲ, ಸ್ವೀಡನ್ನಿನ ದೀಪಗಳನ್ನು ಒಂದು ಸಲ ಕಾಪಾಡಿತ್ತು. ಸ್ವೀಡನ್ನಿನವರು ಒಂದು ಒಳ್ಳೆಯ ಮಾತು ಕೂಡ ಆಡಲಿಲ್ಲವೆಂಬ ದೂರೂ ಕಥೆಯ ಬಾಲಕ್ಕೆ ಸೇರಿಕೊಂಡಿತ್ತು.

ರೌನಿ ಕೆಲಸ ಮಾಡುತ್ತಿದ್ದದ್ದು ಊರಾಚೆಯ ಪೈನ್ ಕಾಡಿನಲ್ಲಿ, ಭೂಮಿಯ ಕಾಂತಶಕ್ತಿಯನ್ನು ಅಳೆಯುವ ವೀಕ್ಷಣಾಲಯದಲ್ಲಿ. ಅಲ್ಲಿ ಏಳು ಮರದ ಗುಡಿಸಲುಗಳು. ಏಳರಲ್ಲೂ ಹುಡುಕಿದರೂ ಒಂದು ಕಬ್ಬಿಣದ ಮೊಳೆ ಸಿಗದು; ಎಲ್ಲ ಮರದ ಗೂಟ, ತಾಮ್ರದ ಮೊಳೆ. ಅಲ್ಲಿನ ಮಾಪಕಗಳ ಮೂಗು ಅಷ್ಟು ಸೂಕ್ಷ್ಮ. ಒಬ್ಬನ ಜೇಬಿನಲ್ಲಿ ಬೀಗದ ಕೈ ಇದ್ದರೆ, ಭೂಮಿಯೇ ಅಲುಗಾಡಿತೆಂದು ಬರೆದಿಡುತ್ತವೆ. ಹಾಗಾಗಿ ರೌನಿ ಮೂವತ್ತನಾಲ್ಕು ವರ್ಷ ಮಡಿಯಲ್ಲಿ ಬದುಕಿದವಳು. ಅವಳ ಮಡಿಗೆ ಮೈಲಿಗೆ ಒಂದೇ, ಕಬ್ಬಿಣ. ಪ್ಯಾಂಟಿಗೆ ಸಾರಂಗದ ಕೊಂಬಿನ ಗುಂಡಿ, ಬೆಲ್ಟಿನ ಬದಲು ಲಾಡಿ, ಬೂಟಿಗೆ ಮೊಳೆಯಿಲ್ಲದ ಹೊಲಿಗೆ, ಒಳ ಉಡುಪಿಗೆ ತಾನೇ ಕೂರಿಸಿಕೊಂಡ ಹಿತ್ತಾಳೆಯ ಕೊಕ್ಕೆ. ಅಳತೆಯ ದಿನ ಅವಳು ಸಾರಂಗದ ರಕ್ತ ಕಲಸಿ ಹುಯ್ಯುವ ದೋಸೆ ತಿನ್ನುವುದಿಲ್ಲ, ಅದರಲ್ಲಿ ಕಬ್ಬಿಣದಂಶ ಜಾಸ್ತಿ ಎಂಬುದು ಔಕುಸ್ತಿ ಹಬ್ಬಿಸಿದ ಸುಳ್ಳು. ಅವಳು ತಿನ್ನುತ್ತಿದ್ದಳು, ಮೂರು ಮೂರು.

ಕಾಡಿನ ಗೇಟಿನಲ್ಲಿ ಒಂದು ಮರದ ಪೆಟ್ಟಿಗೆ. ಬೀಗದ ಕೈ, ಚಾಕು, ಬೆಲ್ಟು, ಫೋನು ಎಲ್ಲ ಅದರೊಳಗೆ ಹಾಕಿ ಒಳಗೆ ಹೋಗಬೇಕು. ಪೆಟ್ಟಿಗೆಯ ಮೇಲೆ ರೌನಿಯೇ ಬರೆದ ಹಲಗೆ: "ಮೈಯೊಳಗೆ ಲೋಹ ಇರುವವರು ಅಳತೆಯ ಗುಡಿಸಲಿಗೆ ಬರುವಂತಿಲ್ಲ. ಯಾರೇ ಆಗಿರಲಿ." ಕೊನೆಯ ಎರಡು ಮಾತನ್ನು ಅವಳು ಆಮೇಲೆ ಸೇರಿಸಿದ್ದು. ರಾಜಧಾನಿಯಿಂದ ದೊಡ್ಡ ಸಾಹೇಬರೊಬ್ಬರು ಕೇಕು ಹಿಡಿದುಕೊಂಡು ನೋಡಲು ಬಂದಿದ್ದರು. ಅವರ ಮಂಡಿಯಲ್ಲಿ ಉಕ್ಕಿನ ಪಟ್ಟಿ ಇತ್ತು. ಗೇಟಿನಾಚೆ ಗಾಳಿಯಲ್ಲಿ ನಿಂತು ತಾವು ತಂದ ಕೇಕನ್ನು ತಾವೇ ತಿಂದು ಹೋದರು.

ಮಂಗಳವಾರ, ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ರೌನಿ ಅಳತೆಯ ಗುಡಿಸಲಿಗೆ ಹೋಗಿ, ಕಲ್ಲಿನ ಕಂಬದ ಮೇಲಿರುವ ದೂರದರ್ಶಕವನ್ನು ಕೈಯಿಂದ ತಿರುಗಿಸುತ್ತ, ಕಂಬದ ಸುತ್ತ ಬಗ್ಗಿ ಎದ್ದು, ಭೂಮಿಯ ಕಾಂತದ ದಿಕ್ಕನ್ನೂ ಬಲವನ್ನೂ ಬರೆದುಕೊಳ್ಳುತ್ತಿದ್ದಳು. ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆ ಪ್ರಪಂಚದಲ್ಲಿ ಇಬ್ಬರೇ, ಅವಳು ಮತ್ತು ಭೂಮಿ. ಇಬ್ಬರೂ ಮಾತಿನವರಲ್ಲ. ಸ್ನೇಹ ಅಷ್ಟು ವರ್ಷ ಉಳಿದದ್ದು ಅದಕ್ಕೇ ಇರಬೇಕು.

ಅವಳ ಇನ್ನೊಂದು ಕೆಲಸ ಭವಿಷ್ಯ ಹೇಳುವುದು. ಸೂರ್ಯ ಬಿಸಿಗಾಳಿ ಬೀಸಿದರೆ ಭೂಮಿಯ ಕಾಂತ ನಡುಗುತ್ತದೆ. ಅದು ನಡುಗಿದರೆ ಉದ್ದುದ್ದ ವಿದ್ಯುತ್ ಲೈನುಗಳಲ್ಲಿ ಬೇಡದ ಕರೆಂಟು ನುಸುಳಿ ಟ್ರಾನ್ಸ್‌ಫಾರ್ಮರ್ ಕಾದು ಕೆಡುತ್ತದೆ. ಅದಕ್ಕೇ ದಿನವೂ ರೌನಿ ಸೊನ್ನೆಯಿಂದ ಒಂಬತ್ತರೊಳಗೆ ಒಂದು ಸಂಖ್ಯೆಯನ್ನು ವಿದ್ಯುತ್ ನಿಯಂತ್ರಣ ಕೊಠಡಿಯ ಕೆರ್ತುಗೆ ಫೋನಿನಲ್ಲಿ ಹೇಳಬೇಕು. ಒಂದು ಎಂದರೆ ಭೂಮಿ ಮಲಗಿದೆ, ಲೈನು ಆಫ್ ಮಾಡಿ ರಿಪೇರಿ ಮಾಡಬಹುದು. ಏಳು ಎಂದರೆ ಯಾವ ಲೈನನ್ನೂ ಮುಟ್ಟಬಾರದು, ಇರುವ ಭಾರವನ್ನು ಎಲ್ಲ ಲೈನುಗಳೂ ಹಂಚಿಕೊಳ್ಳಲಿ.

ಸಂಖ್ಯೆ ಅವಳಿಗೆ ಸಿಗುತ್ತಿದ್ದದ್ದು ಸೊಂಟದಿಂದಲ್ಲ, ಗೇಟಿನಾಚೆಯ ಕಚೇರಿಯ ಕಾಫಿ ಕೋಣೆಯ ಗೋಡೆಗೆ ನೇತುಹಾಕಿದ್ದ ಹೆಣಿಗೆಯಿಂದ. ಸೂರ್ಯ ಒಂದು ಸುತ್ತು ತಿರುಗಿ ಅದೇ ಮುಖ ನಮಗೆ ತೋರಿಸಲು ಇಪ್ಪತ್ತೇಳು ದಿನ. ರೌನಿ ಮೂಳೆಯ ಕಡ್ಡಿಯಲ್ಲಿ ಸಾಲಿಗೆ ಇಪ್ಪತ್ತೇಳು ಕುಣಿಕೆ ಹೆಣೆಯುತ್ತಿದ್ದಳು, ದಿನಕ್ಕೊಂದು ಕುಣಿಕೆ: ಶಾಂತ ದಿನಕ್ಕೆ ಬೂದು, ಸೂರ್ಯನ ಬಿರುಗಾಳಿಯ ದಿನಕ್ಕೆ ಕೆಂಪು. ನಾಳೆ ಹೇಗೆಂದು ತಿಳಿಯಲು ನಾಳೆಯ ಕುಣಿಕೆಯ ನೇರ ಮೇಲೆ ನೋಡಿದರೆ ಆಯಿತು. ಮೇಲೆ ಕೆಂಪಿದ್ದರೆ ಕೆಳಗೂ ಬಹುಶಃ ಕೆಂಪು. ಹೆಣಿಗೆ ಈಗ ಬಾಗಿಲಿಗಿಂತ ಉದ್ದವಾಗಿ, ನೆಲದಲ್ಲಿ ಮಡಿಕೆಯಾಗಿ ಬಿದ್ದಿತ್ತು.

ಇಷ್ಟೆಲ್ಲ ವೈಭವದ ನಡುವೆ ಸೊಂಟ ಮಾತ್ರ ಸವೆಯುತ್ತಲೇ ಇತ್ತು. ಅರ್ಧ ಗಂಟೆಯ ಅಳತೆ ಆ ಚಳಿಗಾಲದಲ್ಲಿ ಒಂದು ಗಂಟೆ ಹತ್ತು ನಿಮಿಷಕ್ಕೆ ಏರಿತು. ಪಟ್ಟಣದ ಆಸ್ಪತ್ರೆಯ ತಾವೆತ್ತಿ ಎಂಬ ಡಾಕ್ಟರು ಎಕ್ಸ್‌ರೇ ಚಿತ್ರ ನೋಡಿ, ಕೀಲು ಬದಲಾಯಿಸದೆ ಬೇರೆ ದಾರಿಯಿಲ್ಲ ಎಂದರು.

"ಯಾವ ಲೋಹ?" ರೌನಿ ಕೇಳಿದಳು.

ಇಪ್ಪತ್ತೆರಡು ವರ್ಷದಲ್ಲಿ ಡಾಕ್ಟರಿಗೆ ಈ ಪ್ರಶ್ನೆ ಬಂದಿರಲಿಲ್ಲ. ಎಲ್ಲರೂ ಕೇಳುತ್ತಿದ್ದದ್ದು ಮತ್ತೆ ಸೌನಾದ ಬಿಸಿ ಹಬೆಗೆ ಯಾವಾಗ ಹೋಗಬಹುದು ಎಂದು.

"ಟೈಟಾನಿಯಂ. ಕೀಲಿನ ಗುಂಡು ಪಿಂಗಾಣಿದು."

"ಕಾಂತಕ್ಕೆ ಅಲುಗುತ್ತಾ?"

"ಇಲ್ಲ."

"ಅಳೆದಿದ್ದೀರಾ?"

"ಪುಸ್ತಕದಲ್ಲಿದೆ, ರೌನಿ."

"ಪುಸ್ತಕದಲ್ಲಿ ಇರೋದು ಬೇರೆಯವರ ಅಳತೆ. ನನ್ನ ಗುಡಿಸಲಿಗೆ ನನ್ನ ಅಳತೆ ಬೇಕು."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಅಲುಗಿದ್ರೆ ಏನ್ಮಾಡ್ತೀರಿ?"

"ಆಪರೇಷನ್ ಬೇಡ. ನಿವೃತ್ತಿಗೆ ಆರು ವರ್ಷ ಇದೆ, ಕುಂಟಿಕೊಂಡೇ ಮುಗಿಸ್ತೀನಿ."

"ಆರು ವರ್ಷ ಆ ಕಾಲು ತಡೆಯಲ್ಲ. ಎರಡು ವರ್ಷಕ್ಕೆ ಬಗ್ಗೋಕೇ ಆಗಲ್ಲ ನಿಮಗೆ."

"ಹಾಗಾದ್ರೆ ಎರಡು ವರ್ಷ."

ಹೀಗೆ ಅವಳು ಸಿಕ್ಕಿಬಿದ್ದಿದ್ದಳು. ಕೀಲು ಹಾಕಿಸಿಕೊಳ್ಳದಿದ್ದರೆ ಕಂಬದ ಸುತ್ತ ಬಗ್ಗಲಾಗದು. ಹಾಕಿಸಿಕೊಂಡರೆ ಅವಳ ಹಲಗೆಯೇ ಅವಳನ್ನು ಗೇಟಿನಲ್ಲಿ ತಡೆಯುತ್ತದೆ, ಯಾರೇ ಆಗಿರಲಿ. ಸಾಹೇಬರಿಗೆ ಕೇಕು ತಿನ್ನಿಸಿದ ಕಾನೂನು ತನಗಿಲ್ಲ ಎನ್ನುವಷ್ಟು ಗಟ್ಟಿ ಮುಖ ಅವಳದ್ದಲ್ಲ. ಉಳಿದದ್ದು ಒಂದೇ ದಾರಿ. ಡಾಕ್ಟರ್ ಒಂದು ಕೀಲನ್ನು ವೀಕ್ಷಣಾಲಯಕ್ಕೆ ತರಬೇಕು, ಏಳರಲ್ಲೊಂದಾದ ಪರೀಕ್ಷೆಯ ಗುಡಿಸಲಿನಲ್ಲಿ ಮಾಪಕದ ಪಕ್ಕ ಇಡಬೇಕು, ಮಾಪಕ ಎಳೆಯುವ ಗೆರೆ ಅಲುಗಬಾರದು. ಡಾಕ್ಟರ್ ಮೀನು ಹಿಡಿಯುವ ಹುಚ್ಚಿನವರು. ಹಿರ್ವಾಸ್ಲಂಪಿಯ ಕೆರೆಯಲ್ಲಿ ಮಂಜುಗಡ್ಡೆ ಕೊರೆದು ಗಾಳ ಹಾಕಬಹುದು ಎಂದ ಕೂಡಲೇ ವಿಜ್ಞಾನದ ಮೇಲೆ ಅವರಿಗೂ ಪ್ರೀತಿ ಉಕ್ಕಿತು.

ಸುದ್ದಿ ಊರಿಗೆ ಮುಟ್ಟಿತು. ಔಕುಸ್ತಿ ಅವಳ ಅಡುಗೆಮನೆಗೆ ಬಂದು, ಕೇಳದೆ ಕಾಫಿ ಬಗ್ಗಿಸಿಕೊಂಡು, ಅದಕ್ಕೆ ಗಿಣ್ಣಿನ ತುಂಡು ಹಾಕಿ ಕೂತ.

"ಏ ರೌನಿ, ಸೊಂಟ ತೆಗೆಸ್ತೀಯಂತೆ? ಊರನ್ನ ಒಂದು ಮಾತು ಕೇಳಬಾರ್ದಾ?"

"ಊರನ್ನ ಯಾಕೆ ಕೇಳ್ಬೇಕು?"

"ಊರಿನ ಆಸ್ತಿ ಮಾರಾಯ್ತಿ ಅದು."

"ಹಂಗಾ? ಹಂಗಾದ್ರೆ ಒಂದು ವಾರ ಊರೇ ನೋಯಿಸ್ಕೊಳ್ಲಿ. ಸೋಮವಾರ ನಿನ್ನ ಸರದಿ."

ಔಕುಸ್ತಿ ಲೋಟದಿಂದ ಗಿಣ್ಣಿನ ತುಂಡು ತೆಗೆದು ಬಾಯಿಗೆ ಹಾಕಿಕೊಂಡ. "ತೆಗೆದ ಕೀಲನ್ನ ಏನ್ಮಾಡ್ತಾರೆ? ಬಾಟ್ಲೀಲಿ ಹಾಕಿ ಕೊಟ್ರೆ ಅಂಗಡೀಲಿ ಇಡಬಹುದು. ಬಿರುಗಾಳಿ ಬರೋ ಮುಂಚೆ ಒಂಚೂರು ಅಲ್ಲಾಡಬಹುದೇನೋ."

"ನಿನ್ನ ತಲೇನೂ ಪಕ್ಕದಲ್ಲಿ ಇಡೋಣ. ಅದೂ ಖಾಲಿ ಇದೆ, ಚೆನ್ನಾಗಿ ಅಲ್ಲಾಡುತ್ತೆ."

ಪರೀಕ್ಷೆಗೆ ಶಾಂತ ದಿನ ಬೇಕು. ಭೂಮಿಯೇ ನಡುಗುತ್ತಿದ್ದರೆ ಕೀಲಿನ ನಡುಕ ಕಾಣುವುದೆಲ್ಲಿ? ರೌನಿ ಹೆಣಿಗೆಯ ಮುಂದೆ ನಿಂತು ಮಾರ್ಚ್ ತಿಂಗಳ ಮೂರನೆಯ ಗುರುವಾರವನ್ನು ಆರಿಸಿದಳು. ಅದರ ನೇರ ಮೇಲೆ ಆರು ಸಾಲು ಒಂದೇ ಸಮ ಬೂದು. ಗುರುವಾರಕ್ಕೆ ಒಂದು ಎಂದು ಕೆರ್ತುಗೆ ಹೇಳಿದಳು. ಕೆರ್ತು ಅದೇ ದಿನ ಬಡಗಣ ಲೈನೊಂದನ್ನು ರಿಪೇರಿಗೆ ಆಫ್ ಮಾಡಲು ಏರ್ಪಾಟು ಮಾಡಿದಳು.

ಬುಧವಾರದ ಕಾಫಿಯ ಹೊತ್ತಿಗೆ ಸಂಪ್ಸಾ ತಕರಾರು ತೆಗೆದ. ಸಂಪ್ಸಾ ಅಲ್ಲಿನ ವಿಜ್ಞಾನಿ, ನಲವತ್ತು ದಾಟಿದವನು, ಮೂರು ವರ್ಷದಿಂದ ಒಂದು ಕಂಪ್ಯೂಟರಿಗೆ ಭವಿಷ್ಯ ಹೇಳಲು ಕಲಿಸುತ್ತಿದ್ದ.

"ನಿನ್ನೆ ಸೂರ್ಯ ಉಗುಳಿದ್ದಾನೆ, ರೌನಿ. ದೊಡ್ಡ ಮೋಡ. ನಾಳೆ ನಮಗೆ ಬಡಿಯೋದಕ್ಕೆ ನೂರಕ್ಕೆ ನಲವತ್ತು ಅಂತಿದೆ ಕಂಪ್ಯೂಟರ್."

"ಬಡಿಯಲ್ಲ ಅಂತ ನೂರಕ್ಕೆ ಅರವತ್ತು ಅಂತಾನೂ ಅದೇ ಅಂತಿದೆ."

"ಉಗುಳೋದು ನಿನ್ನ ಹೆಣಿಗೇಲಿ ಬರಲ್ಲ. ಉಗುಳೋನು ಇಪ್ಪತ್ತೇಳು ದಿನ ಎಣಿಸಿಕೊಂಡು ಉಗುಳ್ತಾನಾ?"

"ಹೋದ ತಿಂಗಳು ಮೂರು ಸಲ ಉಗುಳ್ದ. ಮೂರೂ ಪಕ್ಕದಲ್ಲೇ ಹೋಯ್ತು. ನನ್ನ ಸಂಖ್ಯೆ ಒಂದು."

ವಾದದಲ್ಲಿ ತೂಕವಿತ್ತು. ಆದರೆ ಅವಳಿಗೂ ಒಳಗೊಳಗೆ ಗೊತ್ತಿತ್ತು, ನಾಳೆ ಶಾಂತವಾಗಿರಲಿ ಎಂಬ ಆಸೆ ಆ ವಾದದ ಹಿಂದೆ ಕಾಲುಚಾಚಿ ಕೂತಿದೆ ಎಂದು. ಆಸೆಯ ಕಣ್ಣಿಗೆ ಎಲ್ಲ ನೂಲೂ ಬೂದೇ.

ಗುರುವಾರ ಹತ್ತು ಗಂಟೆಗೆ ಡಾಕ್ಟರ್ ತಾವೆತ್ತಿ ಗೇಟಿಗೆ ಬಂದರು. ರಣರಂಗಕ್ಕೆ ಹೊರಟ ವೀರರು ಆಯುಧ ಧರಿಸುತ್ತಾರೆ. ಇಲ್ಲಿ ವೀರರು ಒಂದೊಂದಾಗಿ ಕಳಚಿದರು. ಗಡಿಯಾರ, ಬೆಲ್ಟು, ಗಾಳದ ಕೊಕ್ಕೆಗಳ ಡಬ್ಬಿ, ಅಡಿಯಲ್ಲಿ ಉಕ್ಕಿನ ಪಟ್ಟಿಯಿದ್ದ ಬೂಟು. ರೌನಿ ಕೊಟ್ಟ ಕಂಬಳಿ ಬೂಟು ಎರಡು ಅಳತೆ ದೊಡ್ಡದಿತ್ತು. ಊರಿನ ಪರವಾಗಿ ಸಾಕ್ಷಿಗೆಂದು ಬಂದ ಔಕುಸ್ತಿ ಸೊಂಟದ ಚಾಕು ಬಿಚ್ಚುವಾಗ, "ಇದನ್ನ ಮದುವೇಲೂ ಬಿಚ್ಚಿರ್ಲಿಲ್ಲ" ಎಂದು ನಿಟ್ಟುಸಿರಿಟ್ಟ.

"ಅದಕ್ಕೇ ಅವಳು ಹೆದರಿ ಒಪ್ಪಿರ್ಬೇಕು," ಎಂದಳು ರೌನಿ.

ಬಳಕೆಯ ತಾರೀಖು ಮೀರಿದ್ದರಿಂದ ಯಾರ ಮೈಗೂ ಹಾಕಲಾಗದ ಒಂದು ಕೀಲು ಡಾಕ್ಟರ ಕೈಯಲ್ಲಿ, ರಟ್ಟಿನ ಡಬ್ಬಿಯಲ್ಲಿತ್ತು. ಅವರು ಪರೀಕ್ಷೆಯ ಗುಡಿಸಲಿಗೆ ಹೋದರು. ರೌನಿ ಮತ್ತು ಔಕುಸ್ತಿ ಮೂವತ್ತು ಹೆಜ್ಜೆ ದೂರದ ಪುಟ್ಟ ಗೂಡಿನಲ್ಲಿ ಪರದೆಯ ಮುಂದೆ ಕೂತರು. ಮಾಪಕದ ಗೆರೆ ಗಾಳಿಯಿಲ್ಲದ ದಿನದ ಕೆರೆಯ ಹಾಗೆ ಚಪ್ಪಟೆ. ಹನ್ನೊಂದಕ್ಕೆ ಸರಿಯಾಗಿ ರೌನಿ ಕಿಟಕಿಯಿಂದ ಕೂಗಿದಳು:

"ಇಡಿ ಡಾಕ್ಟ್ರೇ!"

ಡಾಕ್ಟರ್ ಇಟ್ಟರು.

ಗೆರೆ ಎದ್ದಿತು. ಅಲುಗಿದ್ದಲ್ಲ, ನಡುಗಿದ್ದಲ್ಲ, ಬೆನ್ನಿಗೆ ಚಾಟಿಯೇಟು ಬಿದ್ದ ಕುದುರೆಯ ಹಾಗೆ ನೆಟ್ಟಗೆ ಎದ್ದಿತು.

"ಹತ್ತಿತಲ್ಲ! ಸೊಂಟ ಉಳೀತು!" ಎಂದು ಔಕುಸ್ತಿ ತೊಡೆ ತಟ್ಟಿದ. ಆಮೇಲೆ ರೌನಿಯ ಮುಖ ನೋಡಿ, ತಟ್ಟಿದ ಕೈಯನ್ನು ಮೆಲ್ಲಗೆ ತೊಡೆಯಡಿಗೆ ಸೇರಿಸಿಕೊಂಡ.

ಆ ಮುಖದಲ್ಲಿ ಕಂಬ, ಗುಡಿಸಲು, ಅರ್ಧ ಗಂಟೆ ಎಲ್ಲ ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. "ತೆಗೀರಿ ಡಾಕ್ಟ್ರೇ," ಎಂದಳು. ಕೂಗಿನಲ್ಲಿ ಬಲವಿರಲಿಲ್ಲ. ಡಾಕ್ಟರ್ ಡಬ್ಬಿ ಎತ್ತಿಕೊಂಡು ಹೊರಗೆ ಬಂದು, ಹಿಮದಲ್ಲಿ ದೂರ ಹೋಗಿ ನಿಂತರು. ಇನ್ನು ಗೆರೆ ಇಳಿಯಬೇಕು.

ಇಳಿಯಲಿಲ್ಲ. ಇನ್ನಷ್ಟು ಏರಿತು.

ಮೂವತ್ತನಾಲ್ಕು ವರ್ಷ ಗೆರೆ ನೋಡಿದ ಕಣ್ಣಿಗೆ ಎರಡನೆಯ ನೋಟ ಬೇಕಾಗಲಿಲ್ಲ. ಕೀಲು ಆಚೆ ಹೋದ ಮೇಲೂ ಏರುವ ಗೆರೆಗೆ ಕೀಲು ಕಾರಣವಲ್ಲ. ಇದು ಸೂರ್ಯನ ಕೆಲಸ. ಸಂಪ್ಸಾನ ಮೋಡ ಬಂದು ಬಡಿದಿದೆ, ಡಾಕ್ಟರ್ ಡಬ್ಬಿ ಇಟ್ಟ ಅದೇ ಗಳಿಗೆಗೆ. ಈಗ ರೌನಿಯ ಮುಂದೆ ಎರಡು ತೀರ್ಪು. ಕೀಲು ಅಪರಾಧಿಯಾದರೆ ಅವಳ ಭವಿಷ್ಯ ನಿಜ. ಕೀಲು ನಿರಪರಾಧಿಯಾದರೆ ಅವಳ ಭವಿಷ್ಯ ಸುಳ್ಳು. ಎರಡನ್ನೂ ಉಳಿಸಿಕೊಳ್ಳುವ ಕಾನೂನು ಆಕಾಶದಲ್ಲಿರಲಿಲ್ಲ. ಅವಳು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಗೆರೆಯನ್ನೇ ನೋಡಿದಳು ಎಂದು ಔಕುಸ್ತಿ ಇಂದಿಗೂ ಹೇಳುತ್ತಾನೆ. ಪರದೆಯ ಗಡಿಯಾರದ ಪ್ರಕಾರ ಹನ್ನೊಂದು ಸೆಕೆಂಡು.

ಅಷ್ಟರಲ್ಲಿ ಕಾಡಿನೊಳಗಿಂದ ಸಂಪ್ಸಾ ಓಡಿಬಂದ. ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡಿದ್ದ, ಕಾಲಿಗೆ ಬರೀ ಉಣ್ಣೆಯ ಕಾಲುಚೀಲ. ಆಕಾಶದ ಉಪಗ್ರಹ ಮೋಡವನ್ನು ಮುಕ್ಕಾಲು ಗಂಟೆ ಮೊದಲೇ ಕಂಡಿತ್ತು. ಸಂಪ್ಸಾ ರೌನಿಗೆ ಏಳು ಸಲ ಫೋನು ಮಾಡಿದ್ದ. ಫೋನು ಗೇಟಿನ ಪೆಟ್ಟಿಗೆಯೊಳಗೆ ಡಾಕ್ಟರ ಬೆಲ್ಟಿಗೆ ಹಾಡು ಹೇಳುತ್ತಿತ್ತು. ಕೊನೆಗೆ ಕಚೇರಿಯಿಂದ ಹಿಮದಲ್ಲಿ ಜಾರುಹಲಗೆ ಕಟ್ಟಿಕೊಂಡು ಗೇಟಿಗೆ ಬಂದ. ಪ್ರಳಯವೇ ಬಂದರೂ ಹಲಗೆಯ ಮಾತು ಮೀರಲಾರದೆ, ಬೆಲ್ಟು ಬಿಚ್ಚಿ, ಜೇಬು ಬರಿದು ಮಾಡಿ, ಕಬ್ಬಿಣದ ಕಣ್ಣಿದ್ದ ಬೂಟಿನ ಇಪ್ಪತ್ತು ತೂತಿನ ಲಾಡಿ ಸಡಿಲಿಸಿ, ಆಮೇಲೆ ಓಡಿದ್ದ.

"ಬಂತು! ಎಲ್ಲಾ ಗುಡಿಸಲಲ್ಲೂ ಗೆರೆ ಎದ್ದಿದೆ! ನಾರ್ವೇಲೂ ಎದ್ದಿದೆ!"

"ಕೆರ್ತುಗೆ ಹೇಳಿದ್ಯಾ?"

"ಹೇಳ್ದೆ. 'ರೌನಿ ಒಂದು ಅಂದಿದಾಳೆ, ಅವಳ ಸೊಂಟಕ್ಕಿಂತ ನಿನ್ನ ಕಂಪ್ಯೂಟರ್ ಡಬ್ಬ ದೊಡ್ಡದಾ' ಅಂತಾಳೆ. ನಿನ್ನ ಬಾಯಿಂದಲೇ ಕೇಳ್ಬೇಕಂತೆ. ಲೈನು ಇನ್ನೂ ಆಫಾಗೇ ಇದೆ."

ರೌನಿ ಎದ್ದಳು. ಗೇಟಿಗೆ ನಾನೂರು ಹೆಜ್ಜೆ. ಆ ಸೊಂಟ ಹೊತ್ತುಕೊಂಡು ಅವಳು ಓಡಿದ್ದನ್ನು ಓಟ ಎನ್ನಬೇಕೋ ಬೇರೇನು ಎನ್ನಬೇಕೋ. ಎಡಕ್ಕೊಮ್ಮೆ ವಾಲಿ, ಬಲಕ್ಕೊಮ್ಮೆ ಜಿಗಿದು, ದಾರಿಯುದ್ದಕ್ಕೂ ಸೂರ್ಯನಿಗೆ ಅವನ ತಾಯಿಯ ಕಾಲದ ಬೈಗುಳ ಬೈಯುತ್ತ ಹೋದಳು. ಪೆಟ್ಟಿಗೆಯಿಂದ ಫೋನು ತೆಗೆದಳು.

"ಕೆರ್ತು, ಒಂದಲ್ಲ. ಏಳು. ಎಂಟೂ ಆಗಬಹುದು. ಲೈನು ವಾಪಸ್ ಹಾಕು."

"ನೀನೇ ಒಂದು ಅಂದಿದ್ಯಲ್ಲ?"

"ತಪ್ಪು ಹೇಳಿದ್ದೆ."

"ಇನ್ನೊಂದು ಸಲ ಹೇಳು, ಸರಿಯಾಗಿ ಕೇಳಿಸ್ಲಿಲ್ಲ."

"ಕೇಳಿಸಿದೆ ನಿಂಗೆ."

"ಕೇಳಿಸ್ತು. ಆದ್ರೂ ಹೇಳು. ಹದಿನೆಂಟು ವರ್ಷದಿಂದ ಕಾಯ್ತಿದ್ದೆ."

"ನನ್ನ ಲೆಕ್ಕ ತಪ್ಪು, ಸಂಪ್ಸಾ ಲೆಕ್ಕ ಸರಿ. ಇನ್ನು ಲೈನು ಹಾಕು ಮಾರಾಯ್ತಿ, ಆಮೇಲೆ ನಗು!"

ಕೆರ್ತು ಎರಡೂ ಮಾಡಿದಳು. ಕಂಬ ಹತ್ತಿದ್ದ ಕೆಲಸಗಾರರು ಇಳಿದರು, ಅರ್ಧ ಗಂಟೆಯಲ್ಲಿ ಲೈನಿಗೆ ಮತ್ತೆ ಕರೆಂಟು ಬಂತು. ಮಧ್ಯಾಹ್ನ ಬಿರುಗಾಳಿ ಜೋರಾದಾಗ ಟ್ರಾನ್ಸ್‌ಫಾರ್ಮರ್‌ಗಳು ಗುಂಯ್‌ಗುಟ್ಟಿದವು, ಈ ಸಲ ನಿಜವಾಗಿಯೇ. ಯಾರ ಮನೆಯ ದೀಪವೂ ಮಿಣುಕಲಿಲ್ಲ.

ಡಾಕ್ಟರ್ ತಾವೆತ್ತಿ ದೊಡ್ಡ ಬೂಟು ಎಳೆಯುತ್ತ ಗೇಟಿಗೆ ಬಂದರು. ಡಬ್ಬಿಯನ್ನು ಎದೆಗೆ ಒತ್ತಿಕೊಂಡಿದ್ದರು. "ನನ್ನ ಕೀಲು ಫೇಲಾಯ್ತಾ ರೌನಿ?"

"ಇಲ್ಲ ಡಾಕ್ಟ್ರೇ, ನಾನು ಫೇಲು!" ಎಂದು ರೌನಿ ನಕ್ಕಳು. ಗೇಟಿನ ಕಂಬ ಹಿಡಿದು, ಸೊಂಟ ನೋಯುವಷ್ಟು ನಕ್ಕಳು. ಮೂವತ್ತನಾಲ್ಕು ವರ್ಷದಲ್ಲಿ ಅವಳು ಇಷ್ಟು ದೊಡ್ಡದಾಗಿ ತಪ್ಪಿರಲಿಲ್ಲ, ತಪ್ಪು ಇಷ್ಟು ರುಚಿಯಾಗಿರುತ್ತದೆಂದು ಯಾರೂ ಹೇಳಿಯೂ ಇರಲಿಲ್ಲ.

ನಿರಪರಾಧಿಗೂ ವಿಚಾರಣೆ ಆಗಲೇಬೇಕು. ಬಿರುಗಾಳಿ ಶುಕ್ರವಾರ ತಣ್ಣಗಾಯಿತು. ಅಷ್ಟರಲ್ಲಿ ಡಾಕ್ಟರ್ ಕೆರೆಯಲ್ಲಿ ಐದು ಮೀನು ಹಿಡಿದು, ಔಕುಸ್ತಿಯ ಸೌನಾದಲ್ಲಿ ಎರಡು ಸಲ ಬೆಂದು, ಊರಿನ ಹನ್ನೆರಡು ಮಂಡಿಗಳನ್ನು ಪುಕ್ಕಟೆ ಪರೀಕ್ಷಿಸಿದ್ದರು. ಶನಿವಾರ ಬೆಳಗ್ಗೆ ಕೀಲನ್ನು ಹತ್ತು ಸಲ ಇಟ್ಟು ಹತ್ತು ಸಲ ತೆಗೆದರು. ಗೆರೆ ಕಣ್ಣು ಕೂಡ ಬಿಡಲಿಲ್ಲ. ಹೋಲಿಕೆಗೆಂದು ಔಕುಸ್ತಿಯ ಚಾಕು ಇಟ್ಟಾಗ ಮಾತ್ರ ಅದು ಕಿರುಚಿ ಎದ್ದಿತು, ಔಕುಸ್ತಿಗೆ ಬಹಳ ಹೆಮ್ಮೆಯಾಯಿತು.

ಅವತ್ತು ಕಾಫಿ ಕೋಣೆಯಲ್ಲಿ ರೌನಿ ಮೂಳೆಯ ಕಡ್ಡಿ ತೆಗೆದುಕೊಂಡು, ಬೂದು ಕುಣಿಕೆಗಳ ಕೆಳಗೆ ಗುರುವಾರದ ಕೆಂಪು ಕುಣಿಕೆ ಹಾಕಿದಳು. ಸಂಪ್ಸಾ ಪಕ್ಕದಲ್ಲಿ ನಿಂತು ನೋಡುತ್ತಿದ್ದ, ಬೆಲ್ಟು ಬಿಗಿಯಾಗಿತ್ತು.

"ಇನ್ಮೇಲೆ ಸೂರ್ಯ ಉಗುಳಿದ ಸುದ್ದಿ ನಿನ್ನ ಡಬ್ಬ ಹೇಳಿದ್ರೆ, ನನ್ನ ಸಂಖ್ಯೆ ಜೊತೆ ಅದನ್ನೂ ಕೆರ್ತುಗೆ ನಾನೇ ಹೇಳ್ತೀನಿ," ಎಂದಳು.

"ಡಬ್ಬ ಅನ್ಬೇಡ. ಅದಕ್ಕೊಂದು ಹೆಸರಿದೆ."

"ಮೊದ್ಲು ಅದು ಮೂರು ಸಲ ಸರಿ ಹೇಳ್ಲಿ, ಆಮೇಲೆ ಹೆಸರು."

ಮೇ ತಿಂಗಳಲ್ಲಿ ಆಪರೇಷನ್ ಆಯಿತು. ಬೇಸಿಗೆಯೆಲ್ಲ ರೌನಿ ಕೋಲು ಹಿಡಿದು ಸೊಳ್ಳೆ ಹೊಡೆಯುತ್ತ ನಡೆಯಲು ಕಲಿತಳು. ಆಗಸ್ಟಿನಲ್ಲಿ ಹಲಗೆಯನ್ನು ಕೆರೆದು ಹೊಸದಾಗಿ ಬರೆದಳು: "ಮೈಯೊಳಗೆ ಲೋಹ ಇರುವವರು ಮೊದಲು ಪರೀಕ್ಷೆಯ ಗುಡಿಸಲಿನಲ್ಲಿ ಅಳೆಸಿಕೊಳ್ಳಬೇಕು. ಯಾರೇ ಆಗಿರಲಿ." ಮೊದಲು ಅಳೆಸಿಕೊಂಡವಳು ಅವಳೇ. ಮಾಪಕದ ಪಕ್ಕ ಸ್ಟೂಲಿನ ಮೇಲೆ ಒಂದು ಗಂಟೆ ಮಹಾರಾಣಿಯ ಹಾಗೆ ಕೂತಳು. ಗೆರೆ ಅವಳನ್ನು ಗುರುತಿಸಲೇ ಇಲ್ಲ.

ಸೆಪ್ಟೆಂಬರಿನ ಮೊದಲ ಮಂಗಳವಾರ ಒಂಬತ್ತಕ್ಕೆ ಅವಳು ಅಳತೆಯ ಗುಡಿಸಲಿನ ಬಾಗಿಲು ತೆರೆದಳು. ಒಳಗೆ ಮರದ ವಾಸನೆ, ಕಲ್ಲಿನ ಕಂಬ, ತಣ್ಣಗಿನ ಬೆಳಕು. ಕಂಬದ ಸುತ್ತ ಬಗ್ಗಿದಳು, ಎದ್ದಳು, ಮತ್ತೆ ಬಗ್ಗಿದಳು. ಎಲ್ಲೂ ಕೈ ಊರಲಿಲ್ಲ. ಇಪ್ಪತ್ತೊಂಬತ್ತು ನಿಮಿಷಕ್ಕೆ ಕೆಲಸ ಮುಗಿಯಿತು. ಉಳಿದ ಒಂದು ನಿಮಿಷ ಅವಳು ಹಾಗೇ ನಿಂತಿದ್ದು, ಆಮೇಲೆ ಹೊರಬಂದಳು.

ಗೇಟಿನಾಚೆ ಔಕುಸ್ತಿ ಕಾಯುತ್ತಿದ್ದ. ಅವನ ಹಿಂದೆ ಊರಿನ ಅರ್ಧ ಜನ, ಬೇರೆ ಕೆಲಸಕ್ಕೆ ಬಂದವರ ಹಾಗೆ ಬೇರೆ ಬೇರೆ ಕಡೆ ನೋಡುತ್ತ ನಿಂತಿದ್ದರು. ಎಲ್ಲರ ಪರವಾಗಿ ಔಕುಸ್ತಿ ಟೋಪಿ ತೆಗೆದು, ಗಂಟಲು ಸರಿಪಡಿಸಿಕೊಂಡು ಕೇಳಿದ:

"ರೌನಿ, ನಿಜ ಹೇಳು. ಆ ಸೊಂಟ ಹೋಯ್ತು. ಇನ್ಮೇಲೆ ಸೂರ್ಯನ ವಿಷಯ ಹೆಂಗೆ ಹೇಳ್ತೀಯಾ?"

"ಮುಂಚಿನ ಹಂಗೇ," ಎಂದಳು ರೌನಿ. "ಒಂದೊಂದ್ಸಲ ತಪ್ಪಾಗಿ."